ನಾಲ್ಕನೇ ಸಾಲಿನ ಚಪ್ಪಾಳೆ

...ಅಲ್ಲ, ನಗೂದೆಂತಕ್ಕೆ? ನಾ ಸುಳ್ಳು ಹೇಳ್ತೆನಾ? ಆ ಹರಿಹರ ಡಾಕ್ಟ್ರು ಲಂಡನ್ನಿಂದ ಬಂದು ಎಷ್ಟು ವರ್ಷ ಆತು? ನಿಮ್ಮ ಮೆಡಿಸಿನ್ ಡಿಪಾರ್ಟ್‌ಮೆಂಟಿನವ್ರು ಪ್ರತಿ ವರ್ಷ ಅದಕ್ಕೇ ಒಂದು ಶಾಲು ಹೊದಿಸ್ತ್ರು. ಹೋದವ ತಿರುಗಿ ಬಂದದ್ದು ಒಂದು ಸಾಧನೆಯಾ? ನಮ್ಮ ಕಾಸರಕೋಡಿನ ದೋಣಿಯವ್ರು ದಿನಾ ಹೋಗಿ ದಿನಾ ಬತ್ರು. ಅವ್ರಿಗೆ ಯಾರು ಶಾಲು ಹೊದಿಸಿದ್ರು?

ಕೂತ್ಕಳಿ, ಆ ಬಸ್ಸು ಬೇಡ. ಹೊನ್ನಾವರದ್ದೇ, ಗೊತ್ತಿದೆ. ಬಾಗ್ಲಲ್ಲಿ ಜನ ಜೋತು ಬಿದ್ದದ್ದು ಕಾಣ್ತಿಲ್ವಾ? ಹುಬ್ಬಳ್ಳಿಯಿಂದ ಈ ಕುಮಟೆವರೆಗೆ ಘಟ್ಟ ಇಳಿದು ಬಂದ ಮೈ, ಸ್ವಲ್ಪ ಆರಲಿ. ...ಮೊದ್ಲಿಂದು ಎಂತಕ್ಕೆ ಬಿಟ್ಟೆ ಅಂತ? ಅದ್ರಲ್ಲಿ ಮೀನಿನ ಬುಟ್ಟಿ ಇತ್ತು. ಮತ್ತೆ ನಗು. ಹೌದು, ನಾನೂ ಮೀನಿನ ಮನೆಯವ್ಳೇ. ಇವತ್ತು ಉಟ್ಟದ್ದು ರೇಷ್ಮೆ ಸೀರೆ, ಅಷ್ಟೆ.

ಎಲ್ಲಿಗೆ ಬಂದಿದ್ದೆ... ಹಾಂ, ನಿನ್ನೆಯ ಸನ್ಮಾನ. ಅದೂ ಒಂದು ಕಾರ್ಯಕ್ರಮ! ಅವ್ರೇ ಕಮಿಟಿ, ಅವ್ರೇ ಸಾಧಕರು. ಇವ ಅವ್ನಿಗೆ ಹಾರ ಹಾಕೂದು, ಅವ ಇಳಿದು ಬಂದು ಇವ್ನಿಗೆ ಹಾಕೂದು. ಆ ಮಹಾಲಕ್ಷ್ಮೀ ಮೇಡಮ್ಮು ಸ್ವಾಗತ ಮಾಡಿದ್ರಲ್ಲ, ಮೊದ್ಲು ಇಂಗ್ಲಿಷಲ್ಲಿ ಹೊಗಳಿದ್ರು, ಆಮೇಲೆ ಅದನ್ನೇ ಕನ್ನಡದಲ್ಲಿ. ಎರಡ್ರಲ್ಲೂ ನಿಮ್ಮ ಹೆಸ್ರಿಲ್ಲ. ನಾ ಕಿವಿ ಕೊಟ್ಟು ಕೂತಿದ್ದೆ. ಕುರ್ಚಿ ಹಾಕಿಸ್ದವ್ನ ಹೆಸ್ರು ಬಂತು, ನಿಮ್ಮದಿಲ್ಲ.

ಮತ್ತೆ ಆ ಕೃಷ್ಣಾನಂದ. ನಿಮಗಿಂತ ಕಿರಿಯ, ಈಗ ಪ್ರೊಫೆಸರು. ಒಣಮೀನು ತಿಂಬವ್ರ ಬೀಪಿ ಮೇಲೆ ದಿಲ್ಲಿಯಲ್ಲಿ ಪೇಪರ್ ಓದಿದ್ನಂತೆ. ಅಲ್ಲ ಮಾರಾಯ್ರೆ, ಕಾಸರಕೋಡಿಗೆ ಬಂದ ದಿನ ಅವ ಮೂಗಿಂದ ಕರವಸ್ತ್ರ ತೆಗೀಲಿಲ್ಲ. ನಮ್ಮನೇಲಿ ಊಟಕ್ಕೆ ಕೂತು ಬರೀ ಮಜ್ಜಿಗೆ ಅನ್ನ ಉಂಡ. ಮನೆ ಮನೆಗೆ ಕರ್ಕಂಡು ಹೋದವ್ರು ಯಾರು? ಆ ಹೆಂಗಸ್ರ ತೋಳು ಹಿಡಿದು ಬೀಪಿ ಪಟ್ಟಿ ಸುತ್ತಿದವ್ರು ಯಾರು? ಅವ್ನಿಗೆ ತೋಳು ಕೊಡ್ತಿದ್ರಾ ಅವ್ರು? 'ನಮ್ಮ ಮಾಸ್ತಮ್ಮನ ಮಗ' ಅಂತ ನಿಮಗೆ ಕೊಟ್ಟದ್ದು. ಎಷ್ಟು ವರ್ಷ ನೋಡಿದ್ರಿ, ಬರೀರಿ ಬರೀರಿ ಅಂತ ನಾ ಬಡ್ಕಂಡೆ. 'ಇನ್ನೊಂದು ಮಳೆಗಾಲ ನೋಡ್ವ, ಉಪ್ಪಿನ ಲೆಕ್ಕ ಸರಿ ಆಗ್ಲಿಲ್ಲ' ಅಂದ್ರಿ. ಅವ ಕಾಯಲಿಲ್ಲ.

ಪರದೆ ಮೇಲೆ ಚಿತ್ರ ಬಿಟ್ನಲ್ಲ ನಿನ್ನೆ. ನಾ ಕಂಡ ಕೂಡ್ಲೆ ಗುರ್ತು ಹಿಡಿದೆ. ನಿಮ್ಮ ಅಬ್ಬೆ, ನನ್ನತ್ತೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಿಸಿಲಲ್ಲಿ ಬಗ್ಗಿ ಮೀನು ತಿರುವಿ ಹಾಕ್ತಾ ಇದ್ರು. ಅವ ಕೋಲು ಹಿಡಿದು ಅವ್ರ ಕಾಲು ತೋರಿಸ್ದ, ಬಾವು ನೋಡಿ ಅಂತ. ಹಿಂದೆ ಯಾರೋ ಕಿಸಕ್ ಅಂದ್ರು. ನೀವು ನಾಲ್ಕನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದ್ರಿ. ಎಲ್ರಿಗಿಂತ ಮೊದ್ಲು ಹೊಡೆದ್ರಿ. ...ಎಂತ, ಕೆಲಸ ಒಳ್ಳೇದಿತ್ತಾ? ನಿಮ್ಮದೇ ಕೆಲ್ಸ, ಒಳ್ಳೇದಿರದೆ ಇನ್ನೆಂತ?

ಹೋಯ್, ಯಾರದು... ನಮ್ಮೂರ ಈರನಾ? ಕುಮಟೆಗೆ ಬಂದಿದ್ಯನಾ? ...ಆತು ಆತು, ನೀ ನಡಿ. ಸಾಹೇಬ್ರಿಗೆ ದಣಿವಾಗಿದೆ, ಈಗ ಮಾತಾಡಿಸ್ಬೇಡ. ಮುಂದಿನ ಬಸ್ಸಿಗೆ ನಾವು ಬತ್ತೇವೆ. ಪಾಂಡುಗೆ ಹೇಳು. ...ನಡಿ ಅಂದ್ನಲ್ಲ.

...ಎಂತ ಹೀಗೆ ನೋಡ್ತ್ರಿ? 'ಪ್ರೊಫೆಸರ್ ಸಾಹೇಬ್ರು' ಅಂತ ಏನೋ ಬಾಯಿಗೆ ಬಂದದ್ದು ಅಂದ. ಅವ್ರಿಗೆ ಕಂಪೌಂಡರೂ ಒಂದೇ, ಪ್ರೊಫೆಸರೂ ಒಂದೇ. ಕೋಟು ಹಾಕಿದವ್ರೆಲ್ಲ ಪ್ರೊಫೆಸರು. ...ದೋಣಿಯಾ? ಇವತ್ತು ಒಂದೂ ದೋಣಿ ಇಳೀಲಿಲ್ಲ ಅಂದ್ನಾ? ಅಮಾಸೆಯೋ ಏನೋ ಇರ್ಬೇಕು.

ನಗೂಕೆ ಆಗ್ತಿತ್ತು ಈಗಷ್ಟೆ. ಈಗೆಂತ ಆತು?

ಸರಿ. ಪಾಂಡು ಒಂದು ಸಣ್ಣ ಕಾರ್ಯಕ್ರಮ ಮಾಡ್ಸಿದಾನೆ. ನನ್ನ ತಮ್ಮ, ಬಾವನ ಮೇಲೆ ಪ್ರೀತಿ. ಬಂದರಿನ ಹತ್ರ ಚಪ್ಪರ, ಒಂದು ಹಾರ, ಒಂದು ಶಾಲು. ನಿನ್ನೆ ಆ ಕತ್ತೆಗಳಿಗೆಲ್ಲ ಆತು, ನಿಮಗೆ ನಿಮ್ಮೂರವ್ರು ಹಾಕಿದ್ರೆ ಎಂತ ತಪ್ಪು? ಸುಮ್ನೆ ಕೂತು ಹಾಕಿಸ್ಕಂಡು ಬರೂದು. ಯಾರೂ ಪ್ರಮೋಷನ್ ಆರ್ಡರ್ ತೋರ್ಸಿ ಅಂತ ಕೇಳೂದಿಲ್ಲ.

...ಹೀಗೆ ಮುಖ ತಿರುಗಿಸ್ಬೇಡಿ ಮಾರಾಯ್ರೆ. ಜನ ನೋಡ್ತ್ರು.

ನಾ ಬೇಕಂತ ಹೇಳಿದ್ದಲ್ಲ. ಪ್ರೊಫೆಸರ್ ಹುದ್ದೆಯ ಇಂಟರ್‌ವ್ಯೂ ಆದ ಮರುದಿನ ಟ್ರಂಕ್ ಕಾಲ್ ಬುಕ್ ಮಾಡಿದ್ದೆ, ಪಾಂಡುವಿನ ಐಸ್ ಫ್ಯಾಕ್ಟರಿಗೆ. ಮಧ್ಯಾಹ್ನಕ್ಕೆ ಆದವ್ರ ಹೆಸ್ರು ಹಾಕ್ತ್ರು, ಹೆಂಗೂ ಲೈನ್ ಸಿಕ್ಕೂಕೆ ಸಂಜೆ ಆತ್ತದೆ ಅಂತ ಬೆಳಿಗ್ಗೇನೇ ಮಾಡಿದ್ದೆ. ಹಾಳಾದ ಲೈನು, ಆ ದಿನ ಕೂಡ್ಲೆ ಸಿಕ್ತು. ಆ ಕಡೆ ಅತ್ತೆಯೇ ಫೋನ್ ಹಿಡ್ದಿದ್ರು. ಹಿಂದೆ ಅರ್ಧ ಊರು ಬೆಳಿಗ್ಗೆಯಿಂದ ಕಾದು ನಿಂತಿತ್ತು, ಉಸಿರು ಕೇಳ್ತಿತ್ತು. 'ಕಮಲಿ, ಆತೇನೇ?' ಅಂತ ಕೂಗಿದ್ರು. ಇನ್ನೂ ಹೆಸ್ರು ಹಾಕ್ಲಿಲ್ಲ ಅಂತ ಆ ಗಲಾಟೇಲಿ ಹೆಂಗೆ ಹೇಳ್ಲಿ? ಮೂರು ನಿಮಿಷಕ್ಕೆ ಲೈನ್ ಕಡೀತ್ರು. ನಿಮಗೇ ಆತ್ತದೆ ಅಂತ ಎಲ್ರೂ ಹೇಳ್ತಿದ್ರು. 'ಪ್ರೊಫೆಸರ್ ಆದ್ರು' ಅಂದೆ. ಅಲ್ಲಿ ಚಪ್ಪಾಳೆ ಬಿತ್ತು. ಮಧ್ಯಾಹ್ನ ನೋಡಿದ್ರೆ ಕೃಷ್ಣಾನಂದ.

ಅತ್ತೆ ಸಲುವಾಗಿ ಹೇಳಿದ್ದು. ಆ ವಯಸ್ಸಿನವ್ರಿಗೆ ಇಲ್ಲ ಅನ್ನೂಕೆ ಬಾಯಿ ಬರ್ಲಿಲ್ಲ.

...ಹಾಂಗೆ ನೋಡ್ಬೇಡಿ.

ಸಂಜೆ ಇನ್ನೊಂದು ಕಾಲ್ ಮಾಡೂಕೆ ಆಗ್ತಿರ್ಲಿಲ್ವಾ ಅಂತ ಕೇಳಿ. ಮರುದಿನ ಆಗ್ತಿರ್ಲಿಲ್ವಾ, ಮುಂದಿನ ವಾರ ಆಗ್ತಿರ್ಲಿಲ್ವಾ ಅಂತ ಕೇಳಿ. ಕೇಳೂದೂ ಇಲ್ಲ ನೀವು. ಬೈಯೂದೂ ಇಲ್ಲ.

ಆತು, ಅತ್ತೆ ಸಲುವಾಗಿ ಅಲ್ಲ. ಅತ್ತೆಗೆ ಪ್ರೊಫೆಸರ್ ಅಂದ್ರೆ ಎಂತ ಅಂತ್ಲೂ ಗೊತ್ತಿಲ್ಲ. ಮಗ ಜ್ವರಕ್ಕೆ ಮದ್ದು ಕೊಡ್ತ ಅನ್ನೂದೇ ಅವ್ರಿಗೆ ಸಾಕು. ಸಾಕಾಗದಿದ್ದದ್ದು ನಂಗೆ. ಹೋದ ವಾರ ಪಾಂಡುವಿನ ಹೆಂಡ್ತಿ ಹುಬ್ಬಳ್ಳಿಗೆ ಬಂದಾಗ 'ಪ್ರೊಫೆಸರ ಹೆಂಡ್ತಿ' ಅಂತ ತಮಾಷೆ ಮಾಡಿದ್ಲು. ನಾ ಅಲ್ಲ ಅನ್ಲಿಲ್ಲ. ಹಿತ ಆತು. ಇಷ್ಟು ವರ್ಷದಲ್ಲಿ ನಿಮ್ಮ ಹೆಂಡ್ತಿ ಅಂತ ಕರೆಸ್ಕಂಡು ಅಷ್ಟು ಹಿತ ಆಗಿರ್ಲಿಲ್ಲ.

...ಚೀಲ ಎಂತಕ್ಕೆ ಎತ್ಕಂಡ್ರಿ? ಹೊನ್ನಾವರದ ಬಸ್ಸಾ? ಅಲ್ಲಿ ಹೋಗಿ ಎಂತ ಹೇಳ್ತ್ರಿ, ಅಷ್ಟು ಜನರ ಎದ್ರಿಗೆ? ನಿಂತ್ಕಳಿ. ನಾ ಹೇಳ್ತೆ, ನಾನೇ ಹೇಳ್ತೆ. ಅವ್ರಿಗೆ ಹೇಳೂದು ಕಷ್ಟ ಅಲ್ಲ... ನಿಮಗೆ ಹೇಳೂದೇ...

ನಾ ಇಷ್ಟು ಹೊತ್ತು ಬೈದದ್ದು ಆ ಡಾಕ್ಟ್ರುಗಳನ್ನಲ್ಲ, ನಿಮ್ಮನ್ನ. ನಿಮಗದು ಮೊದ್ಲೇ ಗೊತ್ತಿತ್ತಾ?

...ತಲೆ ಆಡಿಸ್ತ್ರಿ. ಗೊತ್ತಿತ್ತು.