ಲಾರಿಯಲ್ಲಿ ಕೊಡುವ ಕಾಫಿ

ಅಮೆರಿಕದ ಸೇನಾ ನೆಲೆಯ ಊರು ಫೇಯೆಟ್‌ವಿಲ್‌ನಲ್ಲಿ ಕಾಲಿನ ಡಾಕ್ಟರ ಬಳಿ ಸರದಿಗೆ ಕೂತಿದ್ದ ವಿಲ್ಮಾ, ತನ್ನ ಫ್ಲಾಸ್ಕಿನಿಂದ ಪಕ್ಕದ ಮುದುಕನಿಗೂ ಒಂದು ಲೋಟ ಕಾಫಿ ಬಗ್ಗಿಸಿ ನೀಡಿದಳು. ಅವನು ಬೇಡವೆಂದು ತಲೆಯಾಡಿಸಿ, ಪಾದಗಳಿಗೆ ಪಟ್ಟಿ ಸುತ್ತಿಕೊಂಡಿದ್ದ ಮಗಳತ್ತ ತಿರುಗಿದ.

"ಡಾಕ್ಟ್ರು ಹೂಂ ಅಂದ್ರೂ ಮತ್ತೆ ಹೋಗ್ಬೇಡ ಕೋರಾ."

"ಹೋಗ್ತೀನಪ್ಪ. ಹೋದ್ಸಲ ನಾನಾಗಿ ಬಿಟ್ಟಿದ್ದಲ್ಲ. ಕಾಲು ನೋಡಿ ಸೇನೆಯವರೇ ವಾಪಸ್ ಕಳಿಸಿದ್ದು."

"ಕಮಾಂಡೋ ಆಯ್ಕೆ ಅಂದ್ರೆ ಹುಡುಗಾಟ ಅಲ್ಲ ಕಣೆ. ಮೂಟೆ ಹೊತ್ಕೊಂಡು ಕಾಡಲ್ಲಿ ನಡೀತಾನೇ ಇರ್ಬೇಕು."

"ನಡೆದಿದ್ದೀನಲ್ಲ."

"ಹಿಂದೇನೇ ಲಾರಿ ಬರತ್ತೆ. ಸಾಕಪ್ಪಾ ಅಂದೋರು ಹತ್ಕೋಬಹುದು. ಕಂಬಳಿ ಹೊದಿಸಿ ಬಿಸಿ ಕಾಫಿ ಕೊಡ್ತಾರೆ. ನನ್ನ ಕಾಲದಲ್ಲಿ ನಾನೂ ಹತ್ತಿದೆ. ಅದ್ರಲ್ಲಿ ನಾಚಿಕೆ ಏನಿದೆ?"

"ಏನೂ ಇಲ್ಲ. ಕಾಫಿ ಹೇಗಿತ್ತು?"

"ಚೆನ್ನಾಗೇ ಇತ್ತು."

"ಮತ್ಯಾಕೆ ಆವತ್ತಿಂದ ಒಂದು ಗುಟುಕೂ ಮುಟ್ಟಿಲ್ಲ ನೀನು? ಮನೆಗೆ ಕಾಫಿಪುಡಿ ತರೋ ಹಾಗೇ ಇಲ್ಲ ಅಂತ ಅಮ್ಮ ಈಗಲೂ ಗೊಣಗ್ತಾಳೆ."

ಒಳಗಿನಿಂದ ನರ್ಸ್ ಕೋರಾಳ ಹೆಸರು ಕೂಗಿದಳು. ಅಪ್ಪ ಚಾಚಿದ ಕೈಯನ್ನು ಹಿಡಿಯದೆ ಮಗಳು ಎದ್ದು, ವಿಲ್ಮಾಳ ಕೈಯಲ್ಲೇ ಉಳಿದಿದ್ದ ಲೋಟವನ್ನು ಕೇಳಿ ತೆಗೆದುಕೊಂಡಳು.

"ಅದಕ್ಕೇ ನಾನು ಆ ಲಾರಿ ಹತ್ತಲ್ಲ ಅಪ್ಪ. ನಂಗೆ ಸಾಯೋತನಕ ಕಾಫಿ ಬೇಕು."

ಕುಡಿಯುತ್ತಲೇ ಕುಂಟಿಕೊಂಡು ಒಳಗೆ ನಡೆದಳು. ಮುದುಕ ಅವಳ ಹಿಂದೆ ಹೋದ.