ಉಳಿದ ಮಗಳು

ಸ್ಕ್ಯಾನ್ ಕೋಣೆಯ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ ಅಕ್ಕತಂಗಿಯರಿಬ್ಬರಿದ್ದರು. ಒಳಗೆ ಅವರ ತಾಯಿ.

“ಮೆದುಳಲ್ಲಿ ಕಸ ಗುಡಿಸೋ ಕಾವಲು ಕೋಶಗಳಿರ್ತವಂತೆ. ಅಮ್ಮಂಗೆ ಅವು ರೇಗಿ, ಕಸದ ಜೊತೆ ನೆನಪನ್ನೂ ಗುಡಿಸ್ತಿವೆಯಂತೆ,” ಅಂದಳು ಅಕ್ಕ.

“ಅಮ್ಮನ ಮೆದುಳಲ್ವಾ? ಗುಡಿಸೋದು ಒಂದು ಕೈ ಜಾಸ್ತಿನೇ.”

“ಅವನ್ನ ತಣ್ಣಗೆ ಮಾಡೋ ಔಷಧಿ ಇನ್ನೂ ಪ್ರಯೋಗದಲ್ಲಿದೆ. ಒಪ್ಪಿಕೊಳ್ಳೋಣವಾ?”

“ಹೋದ ನೆನಪು ವಾಪಸ್ ಬರುತ್ತಾ?”

“ಇಲ್ಲ. ಉಳಿದದ್ದು ಉಳೀಬಹುದು, ಅಷ್ಟೇ.”

“ಹಾಗಾದ್ರೆ ನೀನು ಉಳೀತೀಯ. ನಾನು ಆಗಲೇ ಕಸದ ಬುಟ್ಟಿ ಸೇರಿ ಆಯ್ತು.”

“ಹಾಗನ್ನಬೇಡ ಕಣೇ.”

“ಒಪ್ಪಿಕೋ. ಒಬ್ಬಳಾದ್ರೂ ಮಗಳಿರಲಿ ಅವಳಿಗೆ.”

ಬಾಗಿಲು ತೆರೆಯಿತು. ಹೊರಬಂದ ತಾಯಿ ದೊಡ್ಡವಳ ಕೈ ಹಿಡಿದುಕೊಂಡು, ಚಿಕ್ಕವಳನ್ನು ಕನಿಕರದಿಂದ ವಿಚಾರಿಸಿದರು: “ನಿಮ್ಮವರು ಯಾರಮ್ಮ ಒಳಗಿರೋದು?”

“ನಮ್ಮ ತಾಯಿ.”

“ಪಾಪ. ವಾಸಿಯಾಗ್ತಾರೆ ಬಿಡಿ.”

ತಂಗಿ ಚೀಲ ಎತ್ತಿಕೊಂಡು ಅವರಿಬ್ಬರ ಹಿಂದೆ ಹೊರಟಳು.