ಕೆಸುವಿನ ಪಾತಿಯ ಕರಿ ಪೈಪು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಹೇಳಿ ಗೊತ್ತಿಲ್ಲ, ಬರೆಯುವುದಂತೂ ಇದೇ ಮೊದಲು. ಹೆದರಿಸಬೇಕಾದ ಕಡೆ ವಿವರಣೆ ಕೊಡುತ್ತಾ ಕೂರುತ್ತೇನೆ. ಆದರೆ ಇದು ನಡೆದದ್ದು. ವನುವಾಟುವಿನ ನಮ್ಮ ಎಫಾತೆ ದ್ವೀಪದಲ್ಲೇ, ನನ್ನ ಚಿಕ್ಕಪ್ಪನ ಮಗ ಕಾಲ್ತಾಕನಿಗೆ.

ಆ ರಾತ್ರಿ ಅವನು ಕಾವಾ, ಅಂದರೆ ಬೇರು ಅರೆದು ಮಾಡುವ ನಮ್ಮ ಮಂಪರಿನ ರಸ, ಕುಡಿದು, ಆಲದ ಮರ ದಾಟಿ, ಒಬ್ಬನೇ ಮನೆಗೆ ಬರುತ್ತಿದ್ದ. ತಲೆ ತಗ್ಗಿಸಿಕೊಂಡು. ಯಾಕೆ ಅಂತ ಹೇಳಬೇಕಲ್ಲ...

ನಮ್ಮ ಗುಡ್ಡದ ಮೇಲೆ ಒಂದು ಯಂತ್ರ ಇದೆ. ದೂರದ ದ್ವೀಪದಲ್ಲಿ ಜ್ವಾಲಾಮುಖಿ ಏಳುವಾಗ ಒಂದು ತಗ್ಗು ದನಿ ಗಾಳಿಯಲ್ಲಿ ಬರುತ್ತದೆ. ನಮ್ಮ ಕಿವಿಗೆ ನಿಲುಕದಷ್ಟು ತಗ್ಗು. ಯಂತ್ರಕ್ಕೆ ಕೇಳಿಸುತ್ತದೆ. ಬೀಸುಗಾಳಿಯ ಗಲಾಟೆ ಸೋಸಲು ಅದರ ಸುತ್ತ ಕರಿ ಪೈಪು ಹಾಸಿದ್ದಾರೆ, ಉದ್ದಕ್ಕೂ ಸಣ್ಣ ಸಣ್ಣ ತೂತು. ತೋಟಕ್ಕೆ ನೀರು ಜಿನುಗಿಸುವಂಥದೇ. ಯಾರೋ ಬಿಸಾಕಿದ್ದು ಅಂದುಕೊಂಡು ಕಾಲ್ತಾಕ್ ಒಂದು ತುಂಡು ಕೊಯ್ದು ತಂದು ಕೆಸುವಿನ ಪಾತಿಗೆ ಹಾಕಿದ್ದ.

ಆ ವಾರವೇ ಆಚೆ ದ್ವೀಪದ ಬೆಟ್ಟ ಸಿಡಿಯಿತು. ಗಾಳಿಯ ಗಲಾಟೆಯಲ್ಲಿ ಯಂತ್ರಕ್ಕೆ ಕೇಳಿಸಲಿಲ್ಲ, ರೇಡಿಯೋದಲ್ಲಿ ಎಚ್ಚರಿಕೆ ಬರಲಿಲ್ಲ. ಕಾಲ್ತಾಕನ ಹೆಂಡತಿ ಲೈಸಾವೆಯ ಅಣ್ಣ ಆ ದ್ವೀಪದವನು; ಆ ಬೆಟ್ಟದ ಮೇಲಿನ ತೋಟಕ್ಕೆ ಹೋದವನು ಹಿಂದಿರುಗಲಿಲ್ಲ.

“ಪೈಪು ಕೊಯ್ದವನ ಕಿವಿ ಕೊಯ್ದು ಯಂತ್ರಕ್ಕೆ ಜೋಡಿಸ್ತೀನಿ,” ಅಂತ ಆ ರಾತ್ರಿ ಕಾವಾ ಅಂಗಳದಲ್ಲಿ ಯಂತ್ರ ಕಾಯುವ ಅರೆಕಿವುಡ ಮುದುಕ ತಾರಿಮಾಸ್ ಪಿಸುಗುಟ್ಟಿದ. ಕಾವಾ ಕುಡಿದ ಮೇಲೆ ಯಾರೂ ದನಿ ಎತ್ತುವುದಿಲ್ಲ.

“ನಿನ್ನದೇ ಜೋಡಿಸು ಮಾವ, ಹೇಗೂ ಖಾಲಿ ಬಿದ್ದಿದೆ,” ಅಂದ ಒಬ್ಬ.

ಎಲ್ಲರೂ ಸದ್ದಿಲ್ಲದೆ ನಕ್ಕರು. ಕೊಯ್ದವನು ತಾನೇ ಅಂತ ಆಗಷ್ಟೇ ಹೊಳೆದಿದ್ದರೂ ಕಾಲ್ತಾಕನೂ ನಕ್ಕ. ನಕ್ಕೆನಲ್ಲ ಅನ್ನುವ ನಾಚಿಕೆಗೆ ಅಲ್ಲಿಂದ ಎದ್ದು ಬಂದದ್ದು.

ಅವನು ಪಾತಿಯ ಹತ್ತಿರ ಬರುತ್ತಲೇ ಜೀರುಂಡೆಗಳ ದನಿ ನಿಂತಿತು. ಸದ್ದೇ ಇಲ್ಲ... ಆದರೆ ಎದೆಗೂಡನ್ನು ಯಾರೋ ಒಳಗಿನಿಂದ ಒತ್ತಿದ ಹಾಗೆ. ಹಲ್ಲು ಸಣ್ಣಗೆ ನಡುಗಿತು. ಆಮೇಲೆ ಪೈಪಿನ ತೂತುಗಳಿಂದ... ಸ್‌ಸ್‌ಸ್... ನೀರು ಜಿನುಗುವ ಸದ್ದಲ್ಲ. ಉಸಿರು ಒಳಕ್ಕೆ ಎಳೆದುಕೊಳ್ಳುವ ಸದ್ದು.

“ಭಾವ... ಕೇಳಿಸ್ತಾ?” ಲೈಸಾವೆಯ ಅಣ್ಣನ ದನಿ.

ಹೆಂಡತಿಯ ಅಣ್ಣನಿಗೆ ನಮ್ಮಲ್ಲಿ ಎದುರಾಡುವ ಹಾಗಿಲ್ಲ. ಇಲ್ಲ ಅನ್ನುವುದಕ್ಕೂ ನಾಲಗೆ ಏಳುವುದಿಲ್ಲ.

“ಹೂಂ ಭಾವ,” ಅಂದ ಕಾಲ್ತಾಕ್. “ಕೇಳಿಸ್ತು.”

ಉಸಿರು ನಿಂತಿತು.

ಬೆಳಗಾಗುತ್ತಲೇ ಲೈಸಾವೆಗೆ ಎಲ್ಲಾ ಹೇಳಿದ. ಅವಳು ಕೂಗಾಡಲಿಲ್ಲ.

“ಪೈಪು ತಂದಿದ್ದು ಗೊತ್ತಿಲ್ದೆ. ಆಯ್ತು,” ಅಂದಳು. “ಬೆಟ್ಟದ ದನಿ ಕೇಳಿಸ್ತು ಅಂತ ಯಾಕೆ ಹೇಳ್ದೆ? ಕೇಳಿಸಿಯೂ ನಾವು ಸುಮ್ನಿದ್ವಿ ಅಂದ್ಕೊಂಡು ಹೋದನಲ್ಲೋ ನನ್ನಣ್ಣ!”

ಅವತ್ತೇ ಕಾಲ್ತಾಕ್ ನಮ್ಮ ಪದ್ಧತಿಯ ತಪ್ಪುಕಾಣಿಕೆಯಾಗಿ ಕಾವಾ ಬೇರು, ಚಾಪೆ ಹೊತ್ತು ತಂದು ಮುದುಕನ ಮುಂದಿಟ್ಟು ತಪ್ಪೊಪ್ಪಿಕೊಂಡ. ಯಂತ್ರಕ್ಕೆ ಹೊಸ ಪೈಪು ಬಂತು. ಹಳೆಯ ತುಂಡು ಪಾತಿಯಲ್ಲೇ ಇದೆ. ಅದಕ್ಕೆ ನೀರು ಹೊಯ್ದರೆ ಒಳಗೆ ಹೋಗುತ್ತದೆ. ತೂತಿನಿಂದ ಒಂದು ಹನಿ ಬರುವುದಿಲ್ಲ, ಆ ತುದಿಯಿಂದಲೂ ಇಲ್ಲ. ಬಕೆಟ್ಟುಗಟ್ಟಲೆ ನಾನೇ ಹೊಯ್ದಿದ್ದೇನೆ. ಎತ್ತಿದರೆ ಹಗುರ. ದೇವರಾಣೆ ಸುಳ್ಳಲ್ಲ. ಕಾರಣ ಏನಿರಬಹುದು ಅಂದರೆ, ಅಂಥ ಪೈಪಿನೊಳಗೆ ಗಾಳಿ ಮೊದಲು...

ತಾಳಿ, ಕಾಲ್ತಾಕ್ ಹೊರಗಿಂದ ಕರೆಯುತ್ತಿದ್ದಾನೆ. ಕತ್ತಲಾದರೆ ಅವನೊಬ್ಬನೇ ಆ ಪಾತಿ ದಾಟುವುದಿಲ್ಲ.